ತಾಯಿಯ ಮಾತನ್ನು ಆಡಿ ತೋರಿಸಿದ ನಟಿ

ಸಮುದ್ರದಾಚೆ, ಇಂಗ್ಲೆಂಡಿನ ಒಂದು ಬಂದರಿನ ಊರಲ್ಲಿ ಒಬ್ಬ ನಟಿ ಇದ್ದಳು. ಏನು ಬುದ್ಧಿ, ಮಠದ ಪ್ರವಚನದಲ್ಲಿ ರಾಜನ ಕಥೆ ಬಿಟ್ಟು ನಟಿಯ ಕಥೆ ಹಿಡಿದಿರಲ್ಲ ಅಂತೀರಿ. ನೋಡಿ, ರಾಜನ ಕಥೆ ಹೇಳಿದರೆ ನಿಮಗೆ ಏನೂ ತಾಗುವುದಿಲ್ಲ, ನೀವು ಯಾರೂ ರಾಜರಲ್ಲ. ಜಿಪುಣನ ಕಥೆ ಹೇಳಿದರೆ ಪಕ್ಕದವರ ಮುಖ ನೋಡುತ್ತೀರಿ. ನಟನೆ ಹಾಗಲ್ಲ. ಅದು ನಿಮಗೂ ಬರುತ್ತದೆ, ನನಗೂ ಬರುತ್ತದೆ.

ಅವಳ ತಂದೆ ಆ ದೇಶದವನೇ, ಹಡಗಿನ ಕೆಲಸ. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ, ಕೊನೆಗೆ ನೀರಿನ ಮೇಲೆಯೇ ಸತ್ತ. ತಾಯಿ ಜಪಾನಿನವಳು. ಮಗಳು ಹುಟ್ಟಿದ ದಿನ ಆ ತಾಯಿ ಒಂದು ತೀರ್ಮಾನ ಮಾಡಿದಳು: ನನ್ನ ಮಗು ಈ ಊರಿನ ಮಗುವಾಗಿ ಬೆಳೆಯಬೇಕು, ಯಾರೂ ಅದನ್ನು ಹೊರಗಿನದು ಅನ್ನಬಾರದು. ಹಾಗಂತ ತನ್ನ ಭಾಷೆಯನ್ನು ನುಂಗಿಕೊಂಡಳು. ಮೂವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಕೂತಳು. ಎಂಥ ಇಂಗ್ಲಿಷ್ ಬಂದೀತು? ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಮೀನಿನ ಅಂಗಡಿಗೆ ಹೋದರೆ ಮೊದಲು ತಲೆಬಾಗಿ ಕ್ಷಮೆ ಕೇಳುವಳು, ಆಮೇಲೆ ಎರಡು ಬೆರಳು ತೋರಿಸುವಳು, ಕೊಟ್ಟ ಮೇಲೆ ಇನ್ನೊಮ್ಮೆ ಕ್ಷಮೆ ಕೇಳುವಳು. ಆದರೆ ಕೇಳಿ ತಾಯಂದಿರೇ, ಮಗುವಿಗೆ ಜ್ವರ ಬಂದಾಗ ಡಾಕ್ಟರ ಮುಂದೆ ಅತ್ತದ್ದು ಆ ಮುರುಕು ಭಾಷೆಯಲ್ಲೇ. ಲಾಲಿ ಹಾಡಿದ್ದು ಅದರಲ್ಲೇ, ಗದರಿಸಿದ್ದೂ ಅದರಲ್ಲೇ. ಮಗಳಿಗೆ ಜಪಾನಿ ಭಾಷೆಯ ನಾಲ್ಕು ಮಾತೂ ಬರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಅದೊಂದೇ ಭಾಷೆ.

ಮಗಳು ಬೆಳೆದಳು, ನಾಟಕಶಾಲೆ ಸೇರಿದಳು, ಮೊದಲ ದರ್ಜೆಯಲ್ಲಿ ಪಾಸಾದಳು. ಪಾಸಾದವಳಿಗೆ ಯಾವ ಪಾತ್ರ ಕೊಟ್ಟರು? ರಾಣಿಯದಾ? ನಾಯಕಿಯದಾ? ಅವಳ ಮುಖ ನೋಡಿದರು, ದಾದಿಯ ಪಾತ್ರ ಕೊಟ್ಟರು. ಮುಂದಿನ ವರ್ಷ ಕೆಲಸದವಳು. ಅದರ ಮುಂದಿನ ವರ್ಷ ಗೂಢಚಾರಿಣಿ, ಮೊದಲ ಅಂಕದಲ್ಲೇ ಸಾಯುವವಳು. ಬಾಗಿಲು ತೆಗಿ, ಚಹಾ ಇಡು, ತಲೆ ಬಗ್ಗಿಸು, ಒಳಗೆ ಹೋಗು. ಹನ್ನೊಂದು ವರ್ಷ ಹೀಗೇ. ಆ ಊರಲ್ಲೇ ಹುಟ್ಟಿ ಆ ಊರ ನೀರು ಕುಡಿದವಳನ್ನು ಎಲ್ಲರೂ ಕೇಳುತ್ತಿದ್ದರು, ನಿಮ್ಮದು ನಿಜವಾಗಿ ಯಾವ ಊರು ಅಂತ.

ಹನ್ನೆರಡನೇ ವರ್ಷ ಒಂದು ಹಾಸ್ಯ ನಾಟಕಕ್ಕೆ ಕರೆ ಬಂತು. ದೊಡ್ಡ ರಂಗಮಂದಿರ, ಮುಖ್ಯ ಪಾತ್ರ. ಅವಳು ನಿಂತು ಮಾತಾಡಿ ತೋರಿಸಿದಳು. ನಿರ್ದೇಶಕ ತಲೆ ಅಲ್ಲಾಡಿಸಿದ.

"ಹೀಗಲ್ಲಮ್ಮ. ನಿಮ್ಮವರು ಮಾತಾಡ್ತಾರಲ್ಲ, ಹಂಗೆ ಮಾತಾಡು."

ನಮ್ಮವರು ಅಂದರೆ ಯಾರು, ನಾನು ಹೀಗೇ ಮಾತಾಡುವುದು ಎಂದಳು. ಅವನು ನಕ್ಕು, ಹೊರಗೆ ಇನ್ನೂ ಆರು ಮಂದಿ ಕಾದಿದ್ದಾರೆ ಎಂದ. ಆಗ ನೋಡಿ, ಆ ಕ್ಷಣ ಅವಳ ಬಾಯಿಂದ ಅವಳ ತಾಯಿ ಮಾತಾಡಿದಳು. ಅದೇ ಮುರುಕು ಪದ, ಅದೇ ಎರಡು ಬೆರಳು, ಅದೇ ತಲೆಬಾಗುವುದು. ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾತ್ರ ಸಿಕ್ಕಿತು.

ನಾಟಕ ಓಡಿತು. ಓಡಿತು ಅಂದರೆ ಅಂತಿಂಥ ಓಟವಲ್ಲ, ದಿನವೂ ರಂಗಮಂದಿರ ತುಂಬ ಜನ. ಅವಳು ಎರಡು ಬೆರಳು ಎತ್ತಿದರೆ ಸಾಕು, ಸಾವಿರ ಜನ ಒಟ್ಟಿಗೆ ನಗುವರು. ಊರಿನ ಹುಡುಗರು ಬಸ್ಸಿನಲ್ಲಿ ಎರಡು ಬೆರಳು ಎತ್ತಿ ಆಡಿಕೊಳ್ಳತೊಡಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಂದು ದಿನ ಆ ತಾಯಿ ಮೀನಿನ ಅಂಗಡಿಗೆ ಹೋಗಿ ಎಂದಿನಂತೆ ತಲೆಬಾಗಿದಳು. ಅಂಗಡಿಯವನೇ ಎರಡು ಬೆರಳು ಎತ್ತಿ, ಅವಳ ದನಿಯಲ್ಲೇ ಅವಳಿಗೆ ಉತ್ತರ ಕೊಟ್ಟ. ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಇದು ಎಲ್ಲಿಂದ ಬಂತು ಅಂತ ಅವಳಿಗೆ ತಿಳಿಯಲಿಲ್ಲ. ಯಾರೋ ಹೇಳಿದರು, ನಾಟಕದಲ್ಲಿದೆ, ಹೋಗಿ ನೋಡಿ ಅಂತ.

ಹೋದಳು. ಮಗಳಿಗೆ ಹೇಳದೆ, ಟಿಕೆಟ್ ಕೊಂಡು, ಒಳ್ಳೆ ಸೀರೆ ಉಟ್ಟ ಹಾಗೆ ಅಂದುಕೊಳ್ಳಿ, ತನ್ನಲ್ಲಿದ್ದ ಒಳ್ಳೆ ಬಟ್ಟೆ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತಳು. ಕೊನೆಯತನಕ ಕೂತಳು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ಅವಳೂ ಎದ್ದು ತಟ್ಟಿದಳು. ಮಗಳು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ, ಮೂರನೇ ಸಾಲಿನಲ್ಲಿ ತಾಯಿ.

ಅವತ್ತಿನಿಂದ ಆ ತಾಯಿ ಇಂಗ್ಲಿಷ್ ಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ, ಜಗಳ ಆಡಲಿಲ್ಲ. ಬಿಟ್ಟಳು, ಅಷ್ಟೇ. ಅಂಗಡಿಯಲ್ಲಿ ಚೀಟಿ ತೋರಿಸುವಳು. ಮಗಳು ಬಂದರೆ ಬಾಗಿಲು ತೆಗೆಯುವಳು, ಊಟಕ್ಕೆ ಹಾಕುವಳು, ಜಪಾನಿಯಲ್ಲಿ ಒಂದು ಮಾತಾಡುವಳು. ಮಗಳಿಗೆ ಅದು ಅರ್ಥವಾಗದು. ಇದ್ದ ಒಂದೇ ಭಾಷೆಯನ್ನು ಮಗಳು ಪರರಿಗೆ ನಗಲು ಕೊಟ್ಟುಬಿಟ್ಟಿದ್ದಳಲ್ಲ. ಇನ್ನು ಯಾವುದರಲ್ಲಿ ಮಾತಾಡಬೇಕು ಆ ತಾಯಿ?

ಮಗಳು ನಾಟಕ ಬಿಟ್ಟಳು, ಬರೆಯಲು ಕೂತಳು. ಕಾದಂಬರಿ. ಅದರಲ್ಲಿ ಮೀನು ಕೊಳ್ಳಲು ಹೋಗುವ ಒಬ್ಬ ಹೆಂಗಸು ಇಡೀ ಇಡೀ ವಾಕ್ಯಗಳಲ್ಲಿ ಯೋಚಿಸುತ್ತಾಳೆ, ಸಮುದ್ರದ ಬಗ್ಗೆ, ಗಂಡನ ಬಗ್ಗೆ, ಬಿಟ್ಟು ಬಂದ ತಂಗಿಯ ಬಗ್ಗೆ. ಪ್ರಕಾಶಕರು ಓದಿ ಏನಂದರು ಗೊತ್ತೆ? ಚೆನ್ನಾಗಿದೆ, ಆದರೆ ಇಂಥ ಹೆಂಗಸು ಹೀಗೆ ಯೋಚಿಸುತ್ತಾಳೆ ಅಂದರೆ ಯಾರು ನಂಬುತ್ತಾರೆ, ಅವಳ ಮಾತನ್ನು ಸ್ವಲ್ಪ ಮುರಿಯಿರಿ ಅಂದರು. ಈ ಸಲ ಅವಳು ಮುರಿಯಲಿಲ್ಲ. ನಾಲ್ಕು ವರ್ಷ ಅಲೆದು ಒಬ್ಬ ಸಣ್ಣ ಪ್ರಕಾಶಕನ ಹತ್ತಿರ ಅಚ್ಚು ಹಾಕಿಸಿದಳು. ಪತ್ರಿಕೆಯವರು ಹೊಗಳಿದರು. ಓದಿದವರು ಐನೂರು ಮಂದಿ ಇರಬಹುದು.

ಮೊದಲ ಪ್ರತಿ ಹಿಡಿದು ತಾಯಿಯ ಹತ್ತಿರ ಹೋದಳು. ನೆಲದ ಮೇಲೆ ಕೂತು, ಹಣೆ ನೆಲಕ್ಕೆ ಹಚ್ಚಿ, ಅಮ್ಮ ನನ್ನಿಂದ ತಪ್ಪಾಯಿತು ಅಂದಳು. ತಾಯಿ ಪುಸ್ತಕ ತೆಗೆದುಕೊಂಡಳು, ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟು ವರ್ಷಗಳ ಮೇಲೆ ಆ ಮುರುಕು ಭಾಷೆ ಮತ್ತೆ ಬಾಯಿಗೆ ಬಂತು.

"ನಗು... ಜನ ತುಂಬಾ ಇತ್ತು. ತಪ್ಪಾಯ್ತು... ನೀನು ಒಬ್ಬಳು ಬಂತು."

ಈಗ ನಗಿ ನೋಡೋಣ. ಆಗ ಎರಡು ಬೆರಳಿಗೆ ಕಿಸಕ್ಕೆಂದಿರಲ್ಲ, ಹಿಂದಿನ ಸಾಲಿನವರು, ನಾನು ನೋಡಿದೆ. ಈಗ ಯಾಕೆ ನಗು ಬರಲಿಲ್ಲ?

ಮಗಳು ಎದ್ದು ನೇರ ಆ ರಂಗಮಂದಿರಕ್ಕೆ ಹೋದಳು. ಅವಳ ಪಾತ್ರವನ್ನು ಬೇರೆ ಹುಡುಗಿ ಮಾಡುತ್ತಿದ್ದಳು, ಅದೇ ದನಿ, ಅದೇ ಎರಡು ಬೆರಳು. ಆಟ ಮುಗಿದ ಮೇಲೆ ಜನರ ಮುಂದೆ ಎರಡು ನಿಮಿಷ ಮಾತಾಡಲು ಬಿಡಿ ಎಂದು ಮಾಲೀಕನ ಕೈಕಾಲು ಹಿಡಿದಳು. ಜನ ನಗಲು ಬಂದಿರುತ್ತಾರೆ, ಅಳಿಸಿ ಕಳಿಸಬೇಕೇನಮ್ಮ ಎಂದ. ಆಗುವುದಿಲ್ಲ ಎಂದ. ನಾಟಕ ಈಗಲೂ ಓಡುತ್ತಿದೆ. ತಾಯಿ ಈಗಲೂ ಚೀಟಿ ತೋರಿಸಿ ಮೀನು ಕೊಳ್ಳುತ್ತಾಳೆ. ಕಥೆ ಇಷ್ಟೇ. ಸಿಹಿ ಮಾಡಿ ಹೇಳೋಣವೆಂದರೆ ನನ್ನ ಹತ್ತಿರ ಬೆಲ್ಲ ಇಲ್ಲ.

ಪಾಪ, ಇಂಗ್ಲೆಂಡಿನವರು ಕೆಟ್ಟವರು ಅಂತ ಮನೆಗೆ ಹೋಗುತ್ತೀರಿ ಅಲ್ಲವೆ? ನಿಲ್ಲಿ. ಅಜ್ಜಿ ಇಂಗ್ಲಿಷ್ ಪದ ಹೇಳಲು ಒದ್ದಾಡುವುದನ್ನು ವಿಡಿಯೋ ಮಾಡಿ ಮನೆಯ ಗ್ರೂಪಿಗೆ ಹಾಕಿದವರು ಯಾರು? ಗಡಿಯಾಚೆಯಿಂದ ಬಂದ ಸೊಸೆಯ ಕನ್ನಡವನ್ನು ಬೀಗರ ಮುಂದೆ ಆಡಿ ತೋರಿಸಿ ನಗಿಸಿದ ಅತ್ತೆ ಯಾರು? ಆಮೇಲೆ ಅಡುಗೆಮನೆಯಲ್ಲಿ ಬೆನ್ನು ಸವರಿ, ತಮಾಷೆಗೆ ಅಂದೆ ಕಣೇ, ಮನಸ್ಸಿಗೆ ಹಚ್ಚಿಕೋಬೇಡ ಅಂದಿರಿ. ಅವಮಾನಕ್ಕೆ ಚಪ್ಪರ, ಕ್ಷಮೆಗೆ ಅಡುಗೆಮನೆ. ಇದು ಯಾವ ನ್ಯಾಯ?

ನಿಮಗೆ ಹೇಳಲು ನನಗೇನು ಹಕ್ಕು? ನೀವು ಕೂತಿರುವ ಈ ಕಡಪಾ ಕಲ್ಲು ಹಾಸಿದ ಮೇಸ್ತ್ರಿ ಓಬುಲೇಸು. ಹೋದ ತಿಂಗಳು ಇದೇ ವೇದಿಕೆಯಲ್ಲಿ ಅವರಿಗೆ ಶಾಲು ಹೊದಿಸಿದೆ. ಹೊದಿಸಿ ಸುಮ್ಮನಿದ್ದೆನೆ? ಅವರ ತೆಲುಗು ಬೆರೆತ ಕನ್ನಡವನ್ನು ಮೈಕಿನಲ್ಲಿ ಆಡಿ ತೋರಿಸಿದೆ. ನಾನೂರು ಜನ ನಕ್ಕಿರಿ. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಅವರನ್ನು ನನ್ನ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ತಪ್ಪಾಯಿತು ಅಂದೆ. "ಪರ್ವಾಲೇದು ಬುದ್ಧಿ, ದೊಡ್ಡೋರು ನೀವು" ಅಂದರು. ಬಾಗಿಲು ಯಾಕೆ ಮುಂದೆ ಮಾಡಿದೆ ಅಂತ ನನ್ನನ್ನೇ ಕೇಳಿಕೊಂಡು ಇಪ್ಪತ್ತು ದಿನವಾಯಿತು.

ಅವರು ಇವತ್ತು ಬಂದಿದ್ದಾರೆ, ಆ ಕೊನೆಯ ಕಂಬದ ಹತ್ತಿರ ಕೂತಿದ್ದಾರೆ. ಮೇಸ್ತ್ರಿಗಳೇ, ಇದೇ ಮೈಕು, ಇದೇ ಜನ. ನಿಮ್ಮ ಮಾತನ್ನು ಆಡಿ ತೋರಿಸಿ ನಾನು ನಿಮಗೆ ಅವಮಾನ ಮಾಡಿದೆ. ನನ್ನಿಂದ ತಪ್ಪಾಗಿದೆ.

ಚಪ್ಪಾಳೆ ತಟ್ಟಬೇಡಿ. ಯಾರಪ್ಪ ಅದು, ನಿಲ್ಲಿಸು.

ಮೇಸ್ತ್ರಿಗಳು ಎದ್ದರು. ಟವಲು ಹೆಗಲಿಗೆ ಹಾಕಿಕೊಂಡು ಹೊರಟರು. ಏ ತಮ್ಮಾ, ಕೈ ಹಿಡಿದು ಕೂಡಿಸಬೇಡ, ದಾರಿ ಬಿಡು. ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು, ನಾವು ಕೇಳಿದ ಕೂಡಲೇ ಕೊಡಲು ಅದೇನು ತೀರ್ಥವಲ್ಲ. ನಾನು ಇವತ್ತು ಉಪವಾಸ ಅಂದರೆ ಅದೂ ಒಂದು ನಾಟಕವೇ ಆದೀತು. ಹಾಗಾಗಿ ಊಟ ಮಾಡುತ್ತೇನೆ.

ನೀವು ಪ್ರಸಾದಕ್ಕೆ ಏಳುವ ಮೊದಲು ಫೋನು ತೆಗೆಯಿರಿ. ಅಜ್ಜಿಯ ವಿಡಿಯೋ ಯಾವ ಗ್ರೂಪಿಗೆ ಹಾಕಿದ್ದಿರೋ ಅದೇ ಗ್ರೂಪಿನಲ್ಲಿ, ನಾನು ಮಾಡಿದ್ದು ತಪ್ಪು ಎಂದು ಎಲ್ಲರೂ ಓದುವ ಹಾಗೆ ಬರೆಯಿರಿ. ಸೊಸೆಯನ್ನು ಬೀಗರ ಮುಂದೆ ನಗೆಗೀಡು ಮಾಡಿದವರು ಮುಂದಿನ ಮದುವೆಯಲ್ಲಿ ಅದೇ ಬೀಗರ ಮುಂದೆ ಬಾಯಿ ಬಿಡಿ. ಎಷ್ಟು ಜನ ನಕ್ಕಿದ್ದರೋ ಅಷ್ಟು ಜನ ಕೇಳಬೇಕು. ಅವಳು ಎದ್ದು ಹೊರಗೆ ಹೋದರೆ ದಾರಿ ಬಿಡಿ.