ಬಂದವರಿಗೆ ಬೆನ್ನು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ಸನ್ಮಾನಗೊಂಡ ನರ್ಸಿಂಗ್ ವಿದ್ಯಾರ್ಥಿಗಳೇ, ಸಾಂಖಳಿಯ ಕನ್ನಡ ಸಭಿಕರೇ,

ನಾನು ಸುಮೇಧಾ. ಓದಿದ್ದು ಸಾಹಿತ್ಯ, ಮೈಕಿನ ಮುಂದೆ ನಿಂತದ್ದು ಇವತ್ತೇ. ರೋಗಿಯ ಮನೆಯವರ ಪರವಾಗಿ ಎರಡು ಮಾತಾಡಿ ಎಂದರು. ನಡುನಡುವೆ ಫೋನ್ ನೋಡಿದರೆ ಕ್ಷಮಿಸಿ, ಮನೆಯಲ್ಲಿ ಅತಿಥಿಗಳಿದ್ದಾರೆ.

ಹಾಸಿಗೆ ಹುಣ್ಣು ತಡೆಯುವುದು ಹೇಗೆಂದು ಈ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದಾರೆಂದು ಅಧ್ಯಕ್ಷರು ಈಗಷ್ಟೇ, ಸ್ವಲ್ಪ ದೀರ್ಘವಾಗಿಯೇ, ಹೇಳಿದರು. ಮಲಗಿದವರ ಮಗ್ಗುಲು ಆಗಾಗ ಬದಲಿಸಬೇಕು. ಆದರೆ ನಮ್ಮಂಥವರ ಮನೆಯಲ್ಲಿ ಅದು ಅಷ್ಟು ಸುಲಭವೇ?

ನನ್ನ ಅಪ್ಪ ದಿಗಂಬರರಾಯರು ಧಾರವಾಡದವರು, ಪಣಜಿಯ ಕಚೇರಿಯೊಂದರಲ್ಲಿದ್ದವರು. ಮನೆಗೆ ಯಾರೇ ಬಂದರೂ ಎದ್ದು ನಿಲ್ಲುತ್ತಿದ್ದರು, ಗ್ಯಾಸ್ ಸಿಲಿಂಡರ್ ತಂದವನಿಗೂ. ಪಾರ್ಶ್ವವಾಯು ಬಡಿದ ಮೇಲೆ ನಡುಮನೆಯಲ್ಲಿ, ಗೋಡೆಗೆ ಒತ್ತಿದ ಮಂಚದ ಮೇಲೆ ಮಲಗಿದ್ದಾರೆ. ನೋಡಲು ಬರುವವರು ತಪ್ಪುವುದಿಲ್ಲ. ಗೋಡೆಯ ಕಡೆ ತಿರುಗಿಸಿದರೆ ಬಂದವರಿಗೆ ಬೆನ್ನು. ಮನೆಭೇಟಿಗೆ ಬರುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಜಯಶ್ರೀ, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಅಪ್ಪನನ್ನು ತಿರುಗಿಸಿ ಕೈ ತೊಳೆಯಲು ಹೋಗುವಷ್ಟರಲ್ಲಿ ಅವ್ವ ನನ್ನನ್ನು ಕರೆದು ಮತ್ತೆ ಬಾಗಿಲ ಕಡೆ ತಿರುಗಿಸುತ್ತಿದ್ದಳು.

“ಅವ್ರಿಗೆ ಮಾತು ನಿಂತಾವ ಅಂತ ಮರ್ಯಾದಿನೂ ಬಿಡಬೇಕೇನವಾ?” ಎಂದು ಅವಳ ಪ್ರಶ್ನೆ.

ಜಯಶ್ರೀ ಏನು ಮಾಡಿದಳು? ಪಾಠ ಒಪ್ಪಿಸಲಿಲ್ಲ. ಮಂಚದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಅದನ್ನು ಗೋಡೆಯಿಂದ ಎಳೆದಳು, ಆ ಸಂದಿಯಲ್ಲಿ ಎರಡು ಕುರ್ಚಿ ಹಾಕಿದಳು.

“ಬಂದೋರ್ನ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೂಡಸ್ರಿ ಕಾಕು. ಅವ್ರಿಗೆ ಕಾಲ ಅದಾವಲ್ರಿ.”

ಅವ್ವ ನಕ್ಕಳು. ಅಂದಿನಿಂದ ಅಪ್ಪನೂ ಎರಡೂ ಕಡೆ ಮುಖ ಮಾಡಿದರು.

ಕ್ಷಮಿಸಿ. ಫೋನ್.

ಜಯಶ್ರೀಯ ಭೇಟಿಗಳು ಕಳೆದ ವಾರ ಮುಗಿದವು. ನಿನ್ನೆ ಬೆಳಗಾವಿಯಿಂದ ಅಕ್ಕನ ಅತ್ತೆ-ಮಾವ ಬಂದಿದ್ದಾರೆ. ಬೀಗರನ್ನು ಗೋಡೆಯ ಸಂದಿಯಲ್ಲಿ ಕೂರಿಸುವುದುಂಟೇ? ಮಂಚ ಮತ್ತೆ ಗೋಡೆ ಸೇರಿದೆ. ಬೆಳಿಗ್ಗೆ ಅಪ್ಪನ ಎಡ ಸೊಂಟದ ಮೇಲೆ ಕೆಂಪಗಾಗಿತ್ತು. ಜಯಶ್ರೀ ಕಲಿಸಿದಂತೆ ಬೆರಳಿನಿಂದ ಒತ್ತಿದೆ, ಕೆಂಪು ಮಾಸಲಿಲ್ಲ. ಹುಣ್ಣು ಶುರುವಾಗುವುದು ಹೀಗೆಯೇ ಎಂದು ಅವಳೇ ಹೇಳಿದ್ದಳು. ಆ ಮಗ್ಗುಲು ಬೇಡವೆಂದು ಅವ್ವನಿಗೆ ಹೇಳಿ ಬಂದಿದ್ದೆ. ಅವಳು ಈಗ ಫೋಟೋ ಕಳಿಸಿದ್ದಾಳೆ. ಬೀಗರು ಚಹಾ ಕುಡಿಯುತ್ತಿದ್ದಾರೆ. ಅಪ್ಪನ ಮುಖ ಬಾಗಿಲ ಕಡೆ ಇದೆ, ಅಂದರೆ ಅದೇ ಎಡ ಮಗ್ಗುಲು. ಕೆಳಗೆ ಬರೆದಿದ್ದಾಳೆ: “ಮಾತಾಡಿಕೋತ ಕೂತೇವಿ. ಅವಸರ ಮಾಡಬ್ಯಾಡ.”

ಮುಖ್ಯ ಅತಿಥಿಗಳ ಮಾತು ಇನ್ನೂ ಇದೆ. ಅದಕ್ಕೆ ಮೊದಲು ಎದ್ದು ಹೋಗುವುದು ನಮ್ಮಲ್ಲಿ ಸಲ್ಲದು. ನಾನೂ ದಿಗಂಬರರಾಯರ ಮಗಳೇ, ನನಗೂ ಕಾಲು ಏಳುತ್ತಿಲ್ಲ. ಈ ವೇದಿಕೆಗೆ ಮೆಟ್ಟಿಲಿರುವುದು ಮುಂದೆ ಮಾತ್ರ.

ಜಯಶ್ರೀ, ಮಂಚದ ಇನ್ನೊಂದು ತುದಿ ಹಿಡೀಲಿಕ್ಕೆ ಬರ್ತೀಯೇನು?

ಕರೆದವರಿಗೂ ಕೇಳಿದವರಿಗೂ ಕೃತಜ್ಞಳು. ವೇದಿಕೆಯ ಹಿರಿಯರೇ, ನಿಮಗೆ ಬೆನ್ನು ಮಾಡಿ ಇಳಿಯುತ್ತಿದ್ದೇನೆ. ನಮಸ್ಕಾರ.