ಫೆಬ್ರವರಿಯ ಕೆಂಪು ಮೊಹರುಗಳು

...ಅಯ್ಯೋ, ಕುಡೋ ಅವರೇ, ಆ ಹಲಗೆ ಮೇಲೆ ಕಾಲಿಡಬೇಡಿ! ಕೊಳವೆ ಒಡೆದಾಗಿನ ನೀರು ಕುಡಿದು ಉಬ್ಬಿದೆ. ಈ ಕಡೆ ಬನ್ನಿ, ಒಲೆ ಹತ್ತಿರ ಕೂತ್ಕೊಳ್ಳಿ. ವಿಮೆ ಕಂಪನಿಯವರಿಗೆ ಚಳಿ ಆಗಲ್ವೇನು? ಚಿಹಾರು! ಚಹಾ ತಾಮ್ಮ! ...ನನ್ನ ಸೊಸೆ. ಮೂರು ದಿನದಿಂದ ಮುಖ ಎತ್ತಿ ಮಾತಾಡ್ತಿಲ್ಲ.

ಹದಿನಾರರ ರಾತ್ರಿ ಕೊಳವೆಯ ನೀರು ಬಸಿದಿದ್ರಾ ಅಂತ ತಾನೇ ನಿಮ್ಮ ಪ್ರಶ್ನೆ? ಈ ಅಸಾಹಿಕಾವಾದಲ್ಲಿ ಮೂವತ್ತೊಂದು ಚಳಿಗಾಲ ಈ ಮನೆಯ ನೀರು ಬಸಿಯೋ ವಾಲ್ವ್ ತಿರುಗಿಸಿದವಳು ನಾನು. ಒಂದು ಲೋಟ ನೀರು ಉಳಿದರೂ ಹೆಪ್ಪುಗಟ್ಟಿ ಕೊಳವೆ ಸೀಳುತ್ತೆ ಅಂತ ನನಗೆ ಹೇಳಿಕೊಡ್ಬೇಕಾ? ಸಪ್ಪೋರೋದಲ್ಲಿ ಗೃಹವಿಜ್ಞಾನ ಓದಿದವಳಿಗೆ! ಯಾಕೆ ನಗ್ತೀರಿ? ಆಗ ಈ ಬೀದಿಯಲ್ಲಿ ಕಾಲೇಜು ಕಂಡ ಹೆಂಗಸು ನಾನೊಬ್ಬಳೇ.

ಬಿಸ್ಕತ್ತು ತಗೊಳ್ಳಿ. ಡಬ್ಬಿ ಮುಚ್ಚಳ ನೀವೇ ತೆಗೀರಿ... ಸ್ವಲ್ಪ ಬಿಗಿ.

ಇಗೋ ನನ್ನ ಪುಸ್ತಕ. ಅಕ್ಟೋಬರ್‌ನಲ್ಲಿ ಹೊಗೆಕೊಳವೆ ಗುಡಿಸಿದ್ದು, ಡಿಸೆಂಬರ್‌ನಲ್ಲಿ ಎರಡು ಸಲ ಸೂರಿನ ಹಿಮ ಇಳಿಸಿದ್ದು, ಎಲ್ಲಾ ಇದೆ. ದಿನಾ ರಾತ್ರಿ ನೀರು ಬಸಿದ ಮೇಲೆ ತಾರೀಖಿನ ಮುಂದೆ ನನ್ನ ಹೆಸರಿನ ಮೊಹರು. ಹದಿನಾರು ನೋಡಿ... ಬಿತ್ತಾ ಕಣ್ಣಿಗೆ? ಕೆಂಪಗೆ, ನೆಟ್ಟಗೆ! ಬಸಿಯದೇ ಇದ್ದಿದ್ರೆ ಮೊಹರು ಎಲ್ಲಿಂದ ಬರುತ್ತೆ?

ಹಾಗಾದ್ರೆ ಕೊಳವೆ ಹೇಗೆ ಒಡೀತು ಅಂತೀರಾ? ಅದು... ಹೇಳಬಾರದು. ಮನೆ ಮಾತು. ಮೊಮ್ಮಗಳಿಗೆ ಕೆಮ್ಮು, ಸೊಸೆ ನಡುರಾತ್ರಿ ನೀರಿಗೆ ಅಂತ ಎದ್ದು ವಾಲ್ವ್ ತೆರೆದು, ಮತ್ತೆ ಮುಚ್ಚಿ ನೀರು ಬಸಿಯೋದು ಮರೆತಿರಬೇಕು. ಅವಳೇನೂ ಒಪ್ಪಿಲ್ಲ. ‘ತೆರೆದ ನೆನಪೇ ಇಲ್ಲ ಅತ್ತೆ’ ಅಂತಾಳೆ. ಆಮೇಲೆ, ‘ನೀವು ಹೇಳ್ತೀರಿ ಅಂದ್ರೆ ತೆರೆದಿರಬಹುದು’ ಅಂತ ಅಳ್ತಾಳೆ. ನನ್ನ ಮಾತು ಅಂದ್ರೆ ಅಷ್ಟು ನಂಬಿಕೆ... ಅದನ್ನೆಲ್ಲ ಬರ್ಕೋಬೇಡಿ.

ಯಾಕೆ ಪುಟ ಹತ್ತಿರ ಹಿಡಿದು ನೋಡ್ತಿದ್ದೀರಿ? ಹದಿನಾರು ನೋಡಿದ್ರಲ್ಲ, ಸಾಕಲ್ಲ. ಇನ್ನೂ ಕೆಳಗೇನಿದೆ? ಏನೂ ಇಲ್ಲ. ಕೊಡಿ ಇತ್ತ...

ಕುಡೋ ಅವರೇ?

ಹೌದು, ಇವತ್ತು ಹತ್ತೊಂಬತ್ತು. ಗೊತ್ತು.

ಮೊಹರು ಇಪ್ಪತ್ತೆಂಟರವರೆಗೂ ಇದೆ. ಅದೂ ಗೊತ್ತು.

ಬೇಕಾದ್ರೆ ಬೈಯಿರಿ! ನನ್ನ ಕೈ ಯಾಕೆ ನೋಡ್ತೀರಿ?

...ಚಳಿ ಶುರುವಾದಾಗಿಂದ ಬೆರಳು ಮಡಚೋಕೆ ಬರಲ್ಲ. ಒಂದನೇ ತಾರೀಖು ಬೆಳಿಗ್ಗೆ ಕೈ ಸ್ವಲ್ಪ ಹಗುರವಾಗಿತ್ತು. ಕೂತು ಇಡೀ ತಿಂಗಳಿಗೂ ಮೊಹರು ಒತ್ತಿಬಿಟ್ಟೆ. ವಾಲ್ವ್ ಮಾತ್ರ ದಿನಾ ತಿರುಗಿಸ್ತಿದ್ದೆ, ಟವೆಲ್ ಸುತ್ತಿ, ಎರಡೂ ಕೈಯಲ್ಲಿ. ಹದಿನಾರರ ರಾತ್ರಿ ಅದು ಅರ್ಧಕ್ಕೆ ನಿಂತುಹೋಯ್ತು, ನೀರು ಪೂರ್ತಿ ಬಸಿಯಲಿಲ್ಲ. ಚಿಹಾರು ಪಕ್ಕದ ಕೋಣೆಯಲ್ಲೇ ಎಚ್ಚರ ಇದ್ದಳು. ಕರೆದಿದ್ರೆ ಒಂದೇ ಕೈಯಲ್ಲಿ ತಿರುಗಿಸೋಳು. ‘ಅದು ನನ್ನ ಕೆಲಸ, ನೀನು ಮುಟ್ಟಬೇಡ’ ಅಂತ ಹತ್ತು ವರ್ಷ ಹೇಳಿದ ಬಾಯಿ... ಕರೆಯಲಿಲ್ಲ.

ದುಡ್ಡು ಕೊಡೋದು ಬಿಡೋದು ನಿಮಗೆ ಬಿಟ್ಟದ್ದು. ಸ್ವಲ್ಪ ಇರಿ, ಏಳಬೇಡಿ. ನೀವಿಲ್ಲದಿದ್ರೆ ಅವಳಿಗೆ ನಿಜ ಹೇಳೋಕೆ ನನಗೆ ಧೈರ್ಯ ಬರಲ್ಲ.

ಚಿಹಾರು... ಚಹಾ ಇರಲಿ, ಅಲ್ಲೇ ಇಡು. ನೀನು ಬಾಮ್ಮ.