ಹೊಂಗೆ ಮರದ ಬುಡದ ಮಡಕೆ

ಹೆಸರು: ಸೋಮಮ್ಮ ಕೋಂ ಲೇಟ್ ತಮ್ಮಯ್ಯ, 51 ವರ್ಷ, ವ್ಯವಸಾಯ ಮತ್ತು ಹೈನುಗಾರಿಕೆ, ವಾಸ ಅಕ್ಕಿಹೆಬ್ಬಾಳು, ಕೆ.ಆರ್. ಪೇಟೆ ತಾಲ್ಲೂಕು.

ಈ ದಿನ ಠಾಣೆಗೆ ಬಂದು, ಕೇಳಿದ್ದಕ್ಕೆ ನನಗೆ ಗೊತ್ತಿರುವ ಮಟ್ಟಿಗೆ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಮಗ ದೇವರಾಜು, ಸೊಸೆ ದಿವ್ಯ ಮತ್ತು ಮೊಮ್ಮಗಳು ಚಿನ್ನು ಇವರೊಂದಿಗೆ ವಾಸವಾಗಿರುತ್ತೇನೆ. ಒಟ್ಟು ನಾಲ್ಕು ಜನ. ನಮ್ಮ ಗದ್ದೆಯ ಪಕ್ಕದಲ್ಲೇ ನನ್ನ ಯಜಮಾನರ ಚಿಕ್ಕಪ್ಪನ ಮಗ ತಿಮ್ಮರಾಜು ಎಂಬುವನ ಗದ್ದೆ ಇರುತ್ತದೆ. ಸದರಿಯವನು ಏರ್‌ಫೋರ್ಸಿನಲ್ಲಿ ವಿಮಾನ ರಿಪೇರಿ ಕೆಲಸದಲ್ಲಿದ್ದು, ನಿವೃತ್ತನಾಗಿ ಊರಿಗೆ ಬಂದಿರುತ್ತಾನೆ. ಮದುವೆ ಆಗಿರುವುದಿಲ್ಲ. ಬೇಸಿಗೆಯಲ್ಲಿ ಗದ್ದೆ ಬಯಲಾದ ಮೇಲೆ, ತಾನೇ ಮಾಡಿದ ಎರಡು ಮೊಳದ ವಿಮಾನವನ್ನು ಅಲ್ಲಿ ಹಾರಿಸುತ್ತಾನೆ. ಅದು ಆಕಾಶದಲ್ಲಿ ಹೋಗುವುದನ್ನು ನಾನು ನೋಡಿದ್ದೇನೆ. ಅದರ ಹೊಟ್ಟೆಯೊಳಗೆ ಏನಿರುತ್ತದೆ ಎಂದು ನೋಡಿರಲಿಲ್ಲ. ಅದರ ಶಬ್ದಕ್ಕೆ ನಮ್ಮ ಎಮ್ಮೆ ಬೆದರಿ ಗೂಟ ಕಿತ್ತುಕೊಂಡು ಹೋಗಿದ್ದರಿಂದ ನನಗೂ ಅವನಿಗೂ ಮಾತು ಅಷ್ಟಕ್ಕಷ್ಟೇ ಆಗಿತ್ತು.

ಕಳೆದ ದೀಪಾವಳಿ ಮುಗಿದ ಮೇಲೆ ಒಂದು ದಿನ ನಾನು ಊರಿನ ಬಸ್‌ಸ್ಟಾಪಿನಲ್ಲಿ ಗೊಬ್ಬರದ ಅಂಗಡಿಯ ಮರೆಗೆ ನಿಂತಿದ್ದಾಗ, ತಿಮ್ಮರಾಜು ತನ್ನ ಸ್ನೇಹಿತ, ಶ್ರೀರಂಗಪಟ್ಟಣದ ಶಿವಶಂಕರ್ ಎಂಬುವರನ್ನು ಬಸ್ಸು ಹತ್ತಿಸಲು ಬಂದಿದ್ದನು. ಆಗ ಅವನು ಆಡಿದ ಮಾತನ್ನು ನಾನು ಕಿವಿಯಾರೆ ಕೇಳಿದ್ದು, ಅದನ್ನು ಅವನ ಬಾಯಿಯ ಮಾತಿನಲ್ಲೇ ಬರೆದುಕೊಳ್ಳಬೇಕಾಗಿ ಕೋರುತ್ತೇನೆ. "ನಾಕನ್ನೂ ಮಲಗಿಸ್ಬುಟ್ಟೆ ಕಣ್ಲಾ. ಒಳಗಿದ್ದ ಶಕ್ತೀನೆಲ್ಲಾ ಇಳಿಸಿ, ಮಡಕೇಲಾಕಿ ಊತಿವ್ನಿ. ಇನ್ನು ಸುಗ್ಗಿ ಮುಗಿಯಗಂಟ ಏಳಾಕಿಲ್ಲ."

ನಾಲ್ಕು ಎಂದ ಕೂಡಲೇ ನಾನು ನಮ್ಮ ಮನೆಯ ತಲೆಗಳನ್ನು ಎಣಿಸಿದೆನು. ಸರಿಹೋಯಿತು.

ಅದಾದ ಮೇಲೆ ನಮ್ಮ ಎಮ್ಮೆ ಹಾಲು ಕಡಿಮೆ ಮಾಡುತ್ತಾ ಬಂದಿತು. ದೇವರಾಜುವಿಗೆ ಸೊಂಟ ಹಿಡಿಯಿತು. ಸೊಸೆಗೆ ಕಣ್ಣಿನಲ್ಲಿ ಕುರು ಎದ್ದಿತು. ಚಿನ್ನು ಅನ್ನ ತಿನ್ನಲಿಲ್ಲ. ಚಿನ್ನು ಮೊದಲೂ ತಿನ್ನುತ್ತಿರಲಿಲ್ಲ, ಆದರೆ ಈಗ ಅದನ್ನೂ ಲೆಕ್ಕಕ್ಕೆ ಹಿಡಿದೆನು. ಡೈರಿಯಲ್ಲಿ ಹಾಲು ಹಾಕುವಾಗ, ತಿಮ್ಮರಾಜು ನಮಗೆ ಮಾಟ ಮಾಡಿಸಿದ್ದಾನೆ ಎಂದು ಎಲ್ಲರೆದುರು ಹೇಳಿದೆನು. ಅಂದಿನಿಂದ ನಮ್ಮ ಬೀದಿಯಲ್ಲಿ ಅವನನ್ನು ಯಾರೂ ಮಾತನಾಡಿಸಲಿಲ್ಲ. ಭತ್ತದ ಕೊಯ್ಲಿಗೆ ಆಳುಗಳು ಬರಲಿಲ್ಲ. ಅವನು ಒಬ್ಬನೇ ಕುಡುಗೋಲು ಹಿಡಿದು ಕೊಯ್ಯುತ್ತಿದ್ದುದನ್ನು ನಾನು ನಮ್ಮ ಬದುವಿನ ಮೇಲೆ ನಿಂತು ನೋಡಿರುತ್ತೇನೆ. ಆಗ ನನಗೆ ಸಮಾಧಾನವೇ ಆಗಿತ್ತು.

ದಿನಾಂಕ 8-1-96ರ ಸೋಮವಾರ ನಾನು ಎಮ್ಮೆ ಮೇಯಿಸಲು ಹೋಗಿದ್ದಾಗ, ಎರಡೂ ಗದ್ದೆಯ ನಡುವಿನ ಬದುವಿನಲ್ಲಿ ಹೊಂಗೆ ಮರದ ಬುಡದ ಮಣ್ಣು ಸಡಿಲವಾಗಿದ್ದು ಕಂಡು, ಕೈಯಿಂದಲೇ ಕೆದಕಿ ನೋಡಲಾಗಿ ಹೊಸ ಮಡಕೆ ಸಿಕ್ಕಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೇಣ ಬಳಿದಿತ್ತು. ಒಳಗೆ ಬೂದಿ, ನುಸಿಗುಳಿಗೆ, ಮತ್ತು ಹಳದಿ ಬಣ್ಣದ ನಾಲ್ಕು ಕಟ್ಟುಗಳು ಇದ್ದವು. ಪ್ರತಿ ಕಟ್ಟಿಗೂ ಕೆಂಪು ಒಂದು, ಕಪ್ಪು ಒಂದು ಬಾಲ ಇತ್ತು. ಅವನ್ನು ಮತ್ತೆ ಮತ್ತೆ ಎಣಿಸುತ್ತಾ ನಾನು ಅಲ್ಲೇ ಕುಳಿತೆನು. ಎಮ್ಮೆ ತಾನೇ ಮನೆಗೆ ಹೋಯಿತು.

ಮಾರನೇ ದಿನ ಮಂಗಳವಾರ ಬೆಳಿಗ್ಗೆ ಮಡಕೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೊಸಹೊಳಲಿನ ಕಡೆ ತೋಟದ ಮನೆಯಲ್ಲಿರುವ ಮಂತ್ರವಾದಿ ಪುಟ್ಟಸ್ವಾಮಿಯವರ ಹತ್ತಿರ ಹೋದೆನು. ಅವರು ನೋಡಿ, ಇದು ಈ ಕಡೆಯ ವಿದ್ಯೆ ಅಲ್ಲ, ಉತ್ತರ ದೇಶದ್ದು ಎಂದರು. ತಿಮ್ಮರಾಜು ಉತ್ತರ ದೇಶದಲ್ಲೇ ನೌಕರಿ ಮಾಡಿದ್ದರಿಂದ ನನಗೆ ಅವರ ಮೇಲೆ ನಂಬಿಕೆ ಹೆಚ್ಚಾಯಿತು. ಅವರು ಅಂಗಳದಲ್ಲಿ ಬೆಂಕಿ ಹಾಕಿ, ನಿಂಬೆಹಣ್ಣು ಕುಯ್ದು, ಬಲಿಗೆ ಒಂದು ಹುಂಜ ತರಿಸಿ ಕಟ್ಟಿದರು. ಮಂತ್ರ ಹೇಳುತ್ತಾ ಒಂದು ಕಟ್ಟನ್ನು ಬೆಂಕಿಗೆ ಹಾಕಿ, ದೆವ್ವ ಕೂಗುತ್ತದೆ, ಹೆದರಬೇಡ ಎಂದು ನನಗೆ ಹೇಳಿದರು.

ಸ್ವಲ್ಪ ಹೊತ್ತಿಗೆ ಅದು ಕೂಗಿತು.

ಮೊದಲು ಸುಯ್ ಎಂದು ಹೊಗೆ ಬಂದು, ನಂತರ ಕಟ್ಟಿನೊಳಗಿನವು ಒಂದರ ಹಿಂದೆ ಒಂದು ಸಿಡಿದು ಕೆಂಡ ಹಾರಿತು. ಪುಟ್ಟಸ್ವಾಮಿಯವರ ಗಡ್ಡದ ಎಡಭಾಗ ಮತ್ತು ಪಂಚೆಯ ಅಂಚು ಸುಟ್ಟಿರುತ್ತದೆ. ಹೆದರಬೇಡ ಎಂದಿದ್ದವರು ನನಗಿಂತ ಮುಂಚೆ ಓಡಿದರು. ಹುಂಜ ಹಗ್ಗ ಬಿಡಿಸಿಕೊಂಡು ಹೋಗಿದ್ದು, ಈವರೆಗೆ ಪತ್ತೆ ಇರುವುದಿಲ್ಲ. ನಾನು ಉಳಿದ ಮೂರು ಕಟ್ಟುಗಳ ಸಮೇತ ಮಡಕೆಯನ್ನು ಎತ್ತಿಕೊಂಡು ಊರಿಗೆ ವಾಪಸ್ಸು ಬಂದೆನು.

ಪುಟ್ಟಸ್ವಾಮಿಯವರು ಕೊಳದಲ್ಲಿ ಮುಖ ತೊಳೆದುಕೊಂಡು ನೆಟ್ಟಗೆ ಠಾಣೆಗೆ ಹೋಗಿ, ನಾನು ಬಾಂಬು ತಂದು ತಮ್ಮನ್ನು ಕೊಲ್ಲಲು ನೋಡಿದೆನೆಂದು ದೂರು ಕೊಟ್ಟಿದ್ದು ನನಗೆ ಆಗ ತಿಳಿದಿರಲಿಲ್ಲ. ಬುಧವಾರ ಬೆಳಿಗ್ಗೆ ಜೀಪು ನಮ್ಮ ಬಾಗಿಲಿಗೆ ಬಂದಿತು. ಮಡಕೆಯನ್ನು ವಶಕ್ಕೆ ಪಡೆದು ನನ್ನನ್ನು ಜೀಪು ಹತ್ತಲು ತಿಳಿಸಿದರು. ಬೀದಿಯವರೆಲ್ಲಾ ನೆರೆದಿದ್ದರು. ಡೈರಿಯಲ್ಲಿ ನನ್ನ ಮಾತಿಗೆ ತಲೆಯಾಡಿಸಿದ್ದವರು ಒಬ್ಬರೂ ಮುಂದೆ ಬರಲಿಲ್ಲ. ಆಗ ತಿಮ್ಮರಾಜು ಕೆಸರುಗಾಲಿನಲ್ಲಿ ಗದ್ದೆಯಿಂದ ಬಂದು ಜೀಪಿಗೆ ಅಡ್ಡ ನಿಂತನು. ಮಡಕೆಯನ್ನು ನೋಡಿದನು, ನನ್ನನ್ನು ನೋಡಿದನು.

"ಅದು ನಂದು ಸಾರ್," ಎಂದನು. "ನಮ್ಮತ್ಗೇಗೆ ಏನೂ ಗೊತ್ತಿಲ್ಲ. ಅವರನ್ನ ಇಳಿಸ್ಬುಡಿ, ನಾನು ಬತ್ತೀನಿ."

ಪೊಲೀಸರು ಇಬ್ಬರನ್ನೂ ಕರೆತಂದರು. ದಾರಿಯಲ್ಲಿ ನಾನು ಅವನ ಮುಖ ನೋಡಲಿಲ್ಲ.

ಠಾಣೆಯಲ್ಲಿ ಅವನು ಸಬ್‌ಇನ್ಸ್‌ಪೆಕ್ಟರ್ ಸಾಹೇಬರಿಗೆ, ಇವು ವಿಮಾನದ ಬ್ಯಾಟರಿಗಳು, ಗದ್ದೆಯಲ್ಲಿ ಪೈರು ಇರುವ ಚಳಿಗಾಲವೆಲ್ಲಾ ಹಾರಿಸುವಂತಿಲ್ಲ, ಕರೆಂಟು ಇಳಿಸಿ ತಂಪಿನಲ್ಲಿ ಇಟ್ಟರೆ ಕೆಡುವುದಿಲ್ಲ, ತನ್ನದು ತಗಡು ಶೀಟಿನ ಮನೆಯಾದ್ದರಿಂದ ಮಧ್ಯಾಹ್ನ ಕಾಯುತ್ತದೆ, ಇಲಿಗಳು ವೈರು ಕಡಿಯುತ್ತವೆ, ಅದಕ್ಕೇ ಹೂತಿದ್ದೆ ಎಂದು ತಿಳಿಸಿದನು. ಸಾಹೇಬರು ವಿಮಾನ ತರಿಸಿ ಹಾಕಿ ತೋರಿಸಲು ಹೇಳಿದರು. ಬಾಲಗಳನ್ನು ಸಿಕ್ಕಿಸಿದಾಗ ಮೂತಿಯ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಅಷ್ಟಕ್ಕೇ ಹೆಡ್ ಕಾನ್ಸ್‌ಟೇಬಲ್ ಬಾಗಿಲ ಹಿಂದಕ್ಕೆ ಹೋದರು. ಈ ವಾಕ್ಯ ಬೇಡವೆಂದು ಅವರು ಹೇಳಿದರೂ ನಾನು ಬರೆಯಬೇಕೆಂದು ಕೇಳಿದ್ದೇನೆ.

ಇಷ್ಟೆಲ್ಲಾ ಯಾಕಪ್ಪಾ ನಿನಗೆ, ಮಕ್ಕಳಾಟ, ಎಂದು ನಾನು ಕೇಳಿದೆನು. ಎಷ್ಟೋ ದಿನದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು. ಅವನು, "ಇಪ್ಪತ್ತೊರ್ಸ ವಿಮಾನ ರಿಪೇರಿ ಮಾಡಿ ಮಾಡಿ ಬೇರೇರ ಕೈಗೆ ಕೊಟ್ಟೆ ಅತ್ಗೆ. ನಾನು ಆರಿಸ್ತಿರೋದು ಇದೊಂದೇಯ," ಎಂದು ಹೇಳಿ ವೈರನ್ನು ನೆಟ್ಟಗೆ ಮಾಡುತ್ತಾ ಕುಳಿತನು.

ಈ ದಿನ ಮತ್ತೆ ಬರಲು ತಿಳಿಸಿ ನಮ್ಮಿಬ್ಬರನ್ನೂ ಮನೆಗೆ ಕಳುಹಿಸಿದರು. ಅದೇ ಸಂಜೆ ದೇವರಾಜು ಪಶು ಡಾಕ್ಟರನ್ನು ಕರೆಸಿದ್ದು, ಎಮ್ಮೆಗೆ ಮಾಟ ಆಗಿಲ್ಲ, ಗಬ್ಬ ಆಗಿದೆ, ಅದಕ್ಕೇ ಹಾಲು ಇಳಿದಿದೆ ಎಂದು ಅವರು ತಿಳಿಸಿರುತ್ತಾರೆ.

ಆದ್ದರಿಂದ ತಿಮ್ಮರಾಜುವಿನ ಮೇಲೆ ನನ್ನ ದೂರು ಏನೂ ಇರುವುದಿಲ್ಲ. ಪುಟ್ಟಸ್ವಾಮಿಯವರ ಗಡ್ಡದ ಬಗ್ಗೆ ವಿಷಾದವಿದೆ, ಆದರೆ ಬೆಂಕಿಗೆ ಹಾಕಿದ್ದು ಅವರ ಕೈಯೇ ಹೊರತು ನನ್ನದಲ್ಲ. ವಶದಲ್ಲಿರುವ ಮೂರು ಬ್ಯಾಟರಿಗಳನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟಿರುವುದನ್ನು ನಾನು ಈಗ ಕಂಡಿರುತ್ತೇನೆ. ಅವನ್ನು ಅಲ್ಲಿಂದ ತೆಗೆದು ನೀರಿನ ಗುಡಾಣದ ಪಕ್ಕ, ಒದ್ದೆಯಾಗದಂತೆ ಇಡಿಸಬೇಕು. ಬಿಟ್ಟುಕೊಟ್ಟರೆ ನಮ್ಮ ನಡುಮನೆಯ ಮೂಲೆ ತಂಪಾಗಿದ್ದು, ಜಾಗ ಕೊಡಲು ನಾನು ಒಪ್ಪಿರುತ್ತೇನೆ.

ಬರುವ ಸೋಮವಾರ ಸಂಕ್ರಾಂತಿ. ಅಂದು ನನ್ನನ್ನಾಗಲಿ ತಿಮ್ಮರಾಜುವನ್ನಾಗಲಿ ಠಾಣೆಗೆ ಕರೆಯಬಾರದಾಗಿ ಬೇಡಿಕೊಳ್ಳುತ್ತೇನೆ. ಅವನದು ಇನ್ನೂ ಅರ್ಧ ಗದ್ದೆ ಕೊಯ್ಲು ಬಾಕಿ ಇದ್ದು, ಹಬ್ಬವಾದರೂ ಸರಿ, ನಾನು, ದೇವರಾಜು ಮತ್ತು ದಿವ್ಯ ಕುಡುಗೋಲು ತೆಗೆದುಕೊಂಡು ಅಲ್ಲಿಗೆ ಹೋಗುತ್ತೇವೆ.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದ ಹಾಗೆಯೇ ಇದೆ, ಸತ್ಯವಾಗಿದೆ.

ಸ್ಥಳ: ಕೆ.ಆರ್. ಪೇಟೆ
ದಿನಾಂಕ: 11-1-1996

ಸೋಮಮ್ಮ, ಎಡಗೈ ಹೆಬ್ಬೆಟ್ಟು